ಎಷ್ಟು ದಿನಕ್ಕೊಮ್ಮೆ

ಆರು ತಿಂಗಳಿಗಾ, ವರ್ಷಕ್ಕಾ, ಎಂದೆ.
ಜಬೀವುಲ್ಲಾ ತಲೆಯೆತ್ತಲಿಲ್ಲ.
ಅಮೀರ್ ಅಹ್ಮದ್ ಸರ್ಕಲ್ಲಿನ ಹಿಂದಿನ ಓಣಿ,
ಮೂರು ಸೈಕಲ್ ನಿಂತರೆ ನಾಲ್ಕನೆಯದು ಚರಂಡಿಯ ಕಲ್ಲಿನ ಮೇಲೆ,
ಅಷ್ಟೇ ಅಂಗಡಿ.
ನನ್ನ ಸೈಕಲ್ಲನ್ನು ಕೊಕ್ಕೆಗೆ ತೂಗುಹಾಕಿ
ಗಾಲಿ ಬಿಚ್ಚುತ್ತಿದ್ದ. "ಇದನ್ನ ಮಗುಚಿ ಇಡಬಾರದು ಸಿಸ್ಟರ್,
ಮೇಲಿನ ಗಾಳಿ ಪೈಪಿಗೆ ಇಳಿಯುತ್ತೆ."

ಅದಲ್ಲ, ಎಷ್ಟು ದಿನಕ್ಕೊಮ್ಮೆ?
ವಾರ್ಡಿನಲ್ಲಿ ನನ್ನ ಸೆರಗು ಹಿಡಿದು ಕೇಳುವವರಷ್ಟೇ ಹಟ ನನಗೂ:
ಬಿಪಿ ಎಷ್ಟು ದಿನಕ್ಕೊಮ್ಮೆ, ಶುಗರ್ ಎಷ್ಟು ದಿನಕ್ಕೊಮ್ಮೆ,
ಒಂದು ಲೆಕ್ಕ ಹೇಳಿಬಿಡಿ,
ಉಳಿದ ದಿನ ಮರೆತು ಹಾಯಾಗಿರುತ್ತೇವೆ.

ಅವನು ಹಿಂದಿನ ಬ್ರೇಕಿನ ಹಿಡಿಯನ್ನು ನನ್ನ ಬೆರಳಿಗೆ ಕೊಟ್ಟ.
ಒತ್ತಿ.
ಒತ್ತಿದೆ. ಅತಿಯಾಗಿ ಹಣ್ಣಾದ ಬಾಳೆಯ ಹಾಗೆ
ಹ್ಯಾಂಡಲ್ಲಿಗೆ ಬಂದು ತಾಗಿತು.
ಇನ್ನೊಮ್ಮೆ. ಇನ್ನೊಮ್ಮೆ.
ಮೂರನೆಯದಕ್ಕೆ ಗಟ್ಟಿ.

"ಮೂರು ಸಲ ಕರೆದ ಮೇಲೆ ಓ ಅನ್ನುತ್ತೆ.
ಒಂದೇ ಕರೆಗೆ ಓ ಅನ್ನಬೇಕು.
ಹುಲಿಕಲ್ ಘಾಟಿಯಲ್ಲಿ ಮೂರು ಸಲ ಕರೆಯೋಕೆ ಟೈಮ್ ಎಲ್ಲಿರುತ್ತೆ?"

ಹುಲಿಕಲ್ ಎಂದು ನಾನು ಹೇಳಿರಲಿಲ್ಲ.
ಡಿಸ್ಕ್ ಹೇಳಿತ್ತು, ಅದರ ಅಂಚಿನ ಬೆಂದ ನೀಲಿ.
ಆ ಹಿಮ್ಮುರಿ ತಿರುವಿನಲ್ಲಿ, ಎದುರಿಗೆ ಏದುತ್ತ ಏರುವ ಲಾರಿ,
ನಾನು ಒತ್ತುತ್ತಲೇ ಇದ್ದೆ,
ಒತ್ತಿದ್ದೆಲ್ಲ ಎಲ್ಲಿಗೋ ಹೋಗುತ್ತಿತ್ತು.
ಕೊನೆಗೆ ನಿಲ್ಲಿಸಿದ್ದು ದರೆಯ ಮಣ್ಣು
ಮತ್ತು ನನ್ನ ಎಡ ಮೊಣಕೈ.
ಮೊಣಕೈಯ ಪಟ್ಟಿಯನ್ನು ಅವನು ಆಗಲೇ ನೋಡಿದ್ದ, ಕೇಳಿರಲಿಲ್ಲ.

"ಈ ಎಣ್ಣೆ ಕಳ್ಳ ಕುಡುಕ," ಎಂದ,
"ಮುಚ್ಚಿಟ್ಟರೂ ಗಾಳಿಯಿಂದ ನೀರು ಹೀರುತ್ತೆ.
ಇಳಿಜಾರಲ್ಲಿ ಹಿಡಿದೇ ಇದ್ದರೆ ಡಿಸ್ಕ್ ಕಾಯುತ್ತೆ, ಕುಡಿದ ನೀರು ಆವಿಯಾಗುತ್ತೆ,
ಆವಿ ಪಾಪದ್ದು, ಎಷ್ಟು ಒತ್ತಿದರೂ ಒತ್ತಿಸಿಕೊಳ್ಳುತ್ತೆ,
ಮುಂದಕ್ಕೆ ದಾಟಿಸೋದಿಲ್ಲ.
ಕಂಪನಿ ಪುಸ್ತಕದಲ್ಲಿ ವರ್ಷಕ್ಕೊಮ್ಮೆ ಬದಲಿಸಿ ಅಂತಿದೆ.
ಬರೆದವನು ಮಾಸ್ತಿಕಟ್ಟೆಯಲ್ಲಿ ಒಂದು ಜುಲೈ ಕಳೆದಿರಲಿಕ್ಕಿಲ್ಲ.
ನೀವು ಮಳೆಗಾಲ ಮುಗಿದ ಕೂಡಲೇ ಬನ್ನಿ.
ಪ್ಯಾಡು ಉಗುರಿನಷ್ಟು ತೆಳುವಾದರೆ ಅದಕ್ಕೂ ಮೊದಲೇ.
ಕಿರುಚಿದರೆ ಅವತ್ತೇ.
ಹಿಡಿ ಮೆತ್ತಗಾದರೆ, ಬರಬೇಡಿ,
ಫೋನ್ ಮಾಡಿ. ನಾನೇ ಬರ್ತೀನಿ."

ಪಶು ಔಷಧಿ ಅಂಗಡಿಯಿಂದ ತಂದ ದಪ್ಪ ಸಿರಿಂಜು,
ಹೊಸ ಎಣ್ಣೆ ಜೇನಿನ ಬಣ್ಣ,
ಕೆಳಗಿನಿಂದ ಮೇಲೆ ತಳ್ಳಿದಂತೆ
ಹಳೆಯದು ಆರಿದ ಚಹಾದಂತೆ ಹೊರಬಂತು.
ಒಂದು ಗುಳ್ಳೆ ಮಾತ್ರ, ಸಾಸಿವೆಯಷ್ಟು,
ಪೈಪಿನ ಬಾಗಿನಲ್ಲಿ ಕಚ್ಚಿ ಕೂತಿತ್ತು.
ಅವನು ಸ್ಪ್ಯಾನರಿನಿಂದ ತಟ್ಟಿದ. ಅದು ಕದಲಲಿಲ್ಲ.

ಕೊಡು ಇಲ್ಲಿ, ಎಂದೆ.
ಹನ್ನೊಂದು ವರ್ಷ, ಹಗಲು ಪಾಳಿ ರಾತ್ರಿ ಪಾಳಿ,
ಮಕ್ಕಳ ವಾರ್ಡಿನ ಮಬ್ಬು ದೀಪದಡಿ
ನಾನು ಮಾಡಿದ್ದು ಇದನ್ನೇ.
ತೋರುಬೆರಳ ಉಗುರಿನಿಂದ
ಟಕ್. ಟಕ್.
ಗುಳ್ಳೆ ಎದ್ದಿತು, ತಡವರಿಸಿತು, ಏರಿತು,
ಮೇಲಿನ ಬಟ್ಟಲಲ್ಲಿ ಒಡೆಯಿತು.

ಜಬೀವುಲ್ಲಾ ಮೊದಲ ಸಲ ನಕ್ಕ. ಕೈಲಿದ್ದ ಸ್ಪ್ಯಾನರನ್ನು
ಕೊಂಚ ನಾಚಿದವನಂತೆ ಕೆಳಗಿಟ್ಟ.
ಬಿಳಿ ಟೇಪಿನ ಮೇಲೆ ಇವತ್ತಿನ ತಾರೀಕು ಬರೆದು
ಸೈಕಲ್ಲಿಗೆ ಅಂಟಿಸಿದ.
ಮುಂದಿನ ತಾರೀಕಿನ ಜಾಗ ಖಾಲಿ.
ಒತ್ತಿ ನೋಡಿದೆ. ಓ.

ದುಡ್ಡು ಎಣಿಸಿ ಕೊಡುವಾಗ
ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ ಕೇಳಿದ:
"ಸಿಸ್ಟರ್, ನನಗೂ ಸ್ವಲ್ಪ ಶುಗರ್ ಇದೆ ಅಂದರು, ಹೋದ ವರ್ಷ.
ಅದನ್ನ ಎಷ್ಟು ದಿನಕ್ಕೊಮ್ಮೆ
ನೋಡಿಸಬೇಕು?"

ಹೆಗಲಿನ ಚೀಲ ಇಳಿಸಿ ಜಿಪ್ ಎಳೆದೆ.
ಹೋಗು, ಎಂದೆ,
ಮೊದಲು ಸೋಪು ಹಾಕಿ ಕೈ ತೊಳೆದುಕೊಂಡು ಬಾ.